ಎಲ್ಲಿಗೂ ಹೋಗದ ಮೆಟ್ಟಿಲು

ವಾಲ್ಪರೈಸೊದಲ್ಲಿ ಮೆಟ್ಟಿಲಿಗೇನು ಬರ?
ಗುಡ್ಡಗಳಿಗೆ ಜೋತುಬಿದ್ದ ಊರು,
ರೊಟ್ಟಿಗೆ ಇಳಿ, ಮನೆಗೆ ಹತ್ತು,
ಸತ್ತವರನ್ನೂ ಹತ್ತಿಸಿಯೇ ಹೂಳಬೇಕು.
ಆದರೂ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ
ಈ ಕಡೆ ನಾಲ್ಕು, ಆ ಕಡೆ ನಾಲ್ಕು ಮರದ ಮೆಟ್ಟಿಲು.
ಹತ್ತಿದರೆ ಮೇಲೇನೂ ಇಲ್ಲ,
ಬಾಗಿಲಿಲ್ಲ, ಬೆಕ್ಕಿಲ್ಲ, ಒಣಹಾಕಿದ ಒಂದು ಅಂಗಿಯೂ ಇಲ್ಲ.
ಸುಮ್ಮನೆ ಇಳಿಯಬೇಕು.

ಎಲಿಯಾಸರ್ ಅದರ ಬುಡದಲ್ಲಿ ನಿಂತು
ಸಾಲಗಾರನನ್ನು ನೋಡುವಂತೆ ನೋಡಿದ.
ಇಪ್ಪತ್ತಾರು ವರ್ಷ ಗ್ಯಾಸ್ ಸಿಲಿಂಡರ್ ಹೊತ್ತವನು,
ಸ್ಪ್ಯಾನರಿನಿಂದ ಠಣ್ ಠಣ್ ಬಡಿದು
ಓಣಿಗಳನ್ನೆಲ್ಲ ಎಬ್ಬಿಸುತ್ತಿದ್ದವನು.
ಒಂದು ಬೆಳಿಗ್ಗೆ ನೂರಾ ಹನ್ನೆರಡನೇ ಮೆಟ್ಟಿಲಲ್ಲಿ
ಅವನ ಎಡಮೈ ಅವನನ್ನು ಕೇಳದೆ ಕೂತುಬಿಟ್ಟಿತು.
ಸಿಲಿಂಡರ್ ಮಾತ್ರ ಉರುಳುತ್ತ ಹೋಯಿತಂತೆ
ಮೆಟ್ಟಿಲು ಮೆಟ್ಟಿಲಿಗೂ ಸುದ್ದಿ ಸಾರುತ್ತ.

"ಮಕ್ಕಳಾಟ ಇದು" ಎಂದು ಕೋಲು ಎಸೆದ ಮೊದಲ ದಿನ.
ಮೂರನೇ ಮೆಟ್ಟಿಲಿಗೆ ಬೆವರಿ ನೀರಾದ.
ಯಾಸ್ನಾ ಕೋಲು ಎತ್ತಿಕೊಟ್ಟಳು, ಅಷ್ಟೆ.
"ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿವಾಗ ಕೆಟ್ಟದ್ದು.
ಒಳ್ಳೆಯವರು ಸ್ವರ್ಗಕ್ಕೆ, ಕೆಟ್ಟವರು ನರಕಕ್ಕೆ,
ನೆನಪಿಡೋದು ಕಷ್ಟವೇನಲ್ಲ."
"ನಡಿ ಕತ್ತೆ" ಎಂದು ಅವನು ಎಡಗಾಲಿಗೆ.
ಕತ್ತೆ ನಡೆಯಲಿಲ್ಲ. ಹೆಬ್ಬೆರಳು ಮಾತ್ರ
ಬೂಟಿನೊಳಗೆ ಏನೋ ಯೋಚಿಸಿದಂತಾಯಿತು.

ನನ್ನ ಪಾಲಿಗೆ ಬಂದದ್ದು ಗೋಡೆ.
ಶಾಲೆಯ ಸಮವಸ್ತ್ರ ಹೊಲಿದು ಹೊಲಿದು
ಬಲಭುಜ ಹೆಪ್ಪುಗಟ್ಟಿದ ದರ್ಜಿ ನಾನು;
ನೂರು ಮಕ್ಕಳಿಗೆ ಗುಂಡಿ ಹಚ್ಚಿದ ಕೈಗೆ
ನನ್ನ ಬೆನ್ನ ಹಿಂದಿನ ಕೊಕ್ಕೆ ಎಟಕದು.
ಎರಡು ಬೆರಳು ಜೇಡನಂತೆ ಗೋಡೆ ಹತ್ತಬೇಕು
ನೋವು ಹಲ್ಲು ತೋರಿಸುವ ತನಕ.
ಅಲ್ಲಿ ಯಾಸ್ನಾ ಪೆನ್ಸಿಲಿನ ಗೆರೆ ಎಳೆದು ತಾರೀಖು ಬರೆಯುತ್ತಾಳೆ,
ಒಂದು ಕಾಲಕ್ಕೆ ಬಾಗಿಲ ಚೌಕಟ್ಟಿನಲ್ಲಿ
ನಾನು ಮಗಳ ಎತ್ತರ ಬರೆದಂತೆ.
ಮಗಳು ನೋಡನೋಡುತ್ತ ಬೆಳೆದಳು.
ನಾನು ವಾರಕ್ಕೊಂದು ಗುಂಡುಸೂಜಿಯ ತಲೆಯಷ್ಟು.

ಜೂನಿನಲ್ಲಿ ಚಳಿ ಕೂತಾಗ ಗೆರೆ ಕೆಳಗಿಳಿಯಿತು.
ಅಳಿಸು ಎಂದೆ. ಅಳಿಸಲಿಲ್ಲ.
"ಅದೂ ಇರಲಿ. ಮೈಗೂ ಮುನಿಸು ಇರುತ್ತೆ."
ಅವಳ ಕೈಯಲ್ಲಿ ಕನಿಕರವಿಲ್ಲ,
ನಾದುವವಳು ಹಿಟ್ಟಿಗೆ ಕ್ಷಮೆ ಕೇಳುತ್ತಾಳೆಯೇ?
"ಇನ್ನೈದು, ಐದೇ ಐದು" ಅನ್ನುತ್ತಾಳೆ.
ಅವಳ ಐದು ಏಳಕ್ಕೆ ಮುಂಚೆ ಮುಗಿದದ್ದಿಲ್ಲ.

ಆಗಸ್ಟಿನಲ್ಲಿ ಒಂದು ದಿನ ನೆಲ ನಡುಗಿತು.
ಈ ಊರಿಗೆ ಅದು ಸೀನಿದಷ್ಟೇ,
ದೀಪ ತೂಗಿತು, ಡಬ್ಬದ ರಬ್ಬರ್ ಚೆಂಡುಗಳು
ಹೊರಬಿದ್ದು ಮಂಚದಡಿ ಸೇರಿದವು.
ನಾನು ಬಾಗಿಲ ಮೇಲ್ಪಟ್ಟಿ ಹಿಡಿದು ನಿಂತೆ.
ಎಲಿಯಾಸರ್ ಎಲ್ಲಿಗೂ ಹೋಗದ ಮೆಟ್ಟಿಲ ತುದಿಯಲ್ಲಿ ಒಬ್ಬನೇ;
ಒಂದು ಗಳಿಗೆ ನೋಡಿದ, ಕಂಬಿ ಬಿಟ್ಟು
ಇಳಿದು ಬಂದ. ನಾಲ್ಕೂ ಮೆಟ್ಟಿಲು.
"ತಪ್ಪು ಕಾಲು!" ಯಾಸ್ನಾ ಕಿರುಚಿದಳು, "ಒಳ್ಳೆಯದನ್ನು ನರಕಕ್ಕೆ ಕಳಿಸಿದಿ!"
ಅವನು ನಕ್ಕ, ಬಾಯಿಯ ಎರಡೂ ಕಡೆಯಿಂದ, ಹೆಚ್ಚೂಕಡಿಮೆ.
ಆಮೇಲೆ ನೋಡಿದರೆ ನನ್ನ ಕೈ
ಎಲ್ಲ ಗೆರೆಗಳಿಗಿಂತ ಒಂದು ಗೇಣು ಮೇಲಿತ್ತು.
ಯಾರೂ ಗುರುತು ಹಾಕಲಿಲ್ಲ.
ನಾಲ್ಕು ದಿನ ಭುಜ ಬೆಂಕಿಯಾಯಿತು,
ಮತ್ತೆ ಅಲ್ಲಿಗೆ ಇನ್ನೂ ಹತ್ತಿಲ್ಲ.

ಈಗ ಸಿಲಿಂಡರ್ ಹೊರುವವನು ಅವನ ಸೋದರಳಿಯ.
ಎಲಿಯಾಸರ್ ಹಿಂದೆ ಬರುತ್ತಾನೆ,
ತಿರುವಿಗೊಮ್ಮೆ ನಿಂತು, ಕೋಲಿನಿಂದ
ಕಬ್ಬಿಣದ ಕಟಕಟೆಗೆ ಠಣ್ ಠಣ್.
ನನ್ನ ಮನೆ ಎಂಬತ್ತನೆಯ ಮೆಟ್ಟಿಲಲ್ಲಿ.
ಕೆಳಗಿನಿಂದಲೇ ಕೇಳುತ್ತದೆ: ಒಂದು ಹೆಜ್ಜೆ, ಕೋಲು,
ಆಮೇಲೆ ಎಳೆದುಕೊಂಡು ಬರುವ ಇನ್ನೊಂದು,
ತಾಳ ತಪ್ಪಿಯೂ ನಿಲ್ಲದ್ದು.
ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು
ಅಡುಗೆಮನೆಯ ಗೋಡೆಗೆ ಬೆರಳಿಡುತ್ತೇನೆ.
ಐದೇ ಐದು.
ಅವನು ಬಾಗಿಲಿಗೆ ಬರುವಷ್ಟರಲ್ಲಿ
ಏಳಾಗಿರುತ್ತದೆ.